ಚಿತ್ರ ತೆಗೆಯುವವನೂ ದುಡಿಯುವವನೇ

(ಖಜೂರಿಯಲ್ಲಿ ಸೇರಿದ್ದ ರೈತರ ಮತ್ತು ತರುಣರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಯ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ತೊಗರಿಯ ದರ, ಕುಡಿಯುವ ನೀರು, ಕೂಲಿ, ರಸ್ತೆ ಇವನ್ನೆಲ್ಲ ಬಿಟ್ಟು, ದೇಶ ದೇಶ ಸುತ್ತಿ ಪತ್ರಿಕೆಗಳಿಗೆ ಚಿತ್ರ ತೆಗೆಯುವವರ ಬಾಳಿನ ಮಾತು ಖಜೂರಿಗೆ ಏತಕ್ಕೆ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೆ ನಮ್ಮಲ್ಲಿ ಎರಡು ಉತ್ತರಗಳಿವೆ.

ಒಂದು, ಎಲ್ಲಿಯೋ ನಡೆದ ಯುದ್ಧ, ಎಲ್ಲಿಯೋ ಬಿದ್ದ ಬರ ನಮ್ಮ ಕಣ್ಣಿಗೆ ಕಾಣುವುದು ಈ ಜನರ ಕೆಲಸದಿಂದ. ನಮ್ಮ ಸಂಕಟ ಬೆಂಗಳೂರು ದಿಲ್ಲಿಗಳಿಗೆ ಕಾಣಬೇಕಾದರೂ ಇಂಥವರೇ ಬೇಕು. ಎರಡು, ಇಂದು ನಮ್ಮ ಹಳ್ಳಿಗಳಲ್ಲಿ ತರುಣರ ಕಿಸೆ ಕಿಸೆಯಲ್ಲೂ ಕ್ಯಾಮರಾ ಇದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನುಗ್ಗಿದಾಗ ಅದನ್ನು ಮೊದಲು ಚಿತ್ರ ಹಿಡಿದವರು ಯಾರು? 2022ರಲ್ಲಿ ನಮ್ಮ ತೊಗರಿಗೆ ನೆಟೆ ರೋಗ ಬಿದ್ದು ಕಾಯಿ ಕಟ್ಟುವ ಹೊತ್ತಿಗೆ ಗಿಡ ಒಣಗಿ ನಿಂತಾಗ ಹೊಲದ ಬದುವಿನ ಮೇಲೆ ನಿಂತು ಚಿತ್ರ ತೆಗೆದು ಕಳುಹಿಸಿದವರು ಯಾರು? ಅದೇ ಊರಿನ ಹುಡುಗರು. ಆ ಚಿತ್ರಗಳಲ್ಲಿ ಎಷ್ಟರ ಕೆಳಗೆ ತೆಗೆದವನ ಹೆಸರು ಬಂತು? ಎಷ್ಟಕ್ಕೆ ನಾಲ್ಕು ರೂಪಾಯಿ ಬಂತು? ನಿಮಗೇ ಗೊತ್ತು.

ಹೊಲದ ವಿಷಯದಲ್ಲಿ ನಾವು ಯಾವಾಗಲೂ ಕೇಳುವ ಪ್ರಶ್ನೆಯೊಂದಿದೆ: ಬಿತ್ತಿದವನು ಯಾರು, ರಾಶಿ ಯಾರ ಮನೆ ಸೇರಿತು? ಈ ಪ್ರಶ್ನೆಯನ್ನು ಚಿತ್ರದ ಕಸುಬಿಗೂ ಕೇಳಬೇಕು. ಕೇಳಿದವರು ಲೋಕದಲ್ಲಿ ಇದ್ದಾರೆ. ಅವರ ಕಥೆಯನ್ನೇ ಇಂದು ಹೇಳಬೇಕೆಂದಿದ್ದೇವೆ.

ಮೊದಲು ಈ ಕೆಲಸ ನಡೆಯುವ ಬಗೆ ತಿಳಿಯೋಣ. ಫಿಲ್ಮಿನ ಕಾಲದಲ್ಲಿ ಒಂದು ರೋಲಿನಲ್ಲಿ 36 ಚಿತ್ರ. ಛಾಯಾಗ್ರಾಹಕ ಹೆಗಲಿಗೆ ಎರಡು ಕ್ಯಾಮರಾ ಹಾಕಿಕೊಂಡು, ಚೀಲದ ತುಂಬ ರೋಲು ತುಂಬಿಕೊಂಡು ಹೊರಡುವನು. ಹೋದ ಊರಿನ ಭಾಷೆ ಬಾರದು. ದಾರಿ ತೋರಿಸಲು, ಮಾತು ತಿಳಿಸಲು, ಪೊಲೀಸರ ಕೈಯಿಂದ ಬಿಡಿಸಿಕೊಳ್ಳಲು ಆ ಊರಿನವನೇ ಒಬ್ಬ ಬೇಕು. ಚಿತ್ರ ತೆಗೆದಾದ ಮೇಲೆ ರಾತ್ರಿ ಕುಳಿತು, ಇದು ಯಾವ ಊರು, ಇದರಲ್ಲಿರುವವರು ಯಾರು, ನಡೆದುದೇನು ಎಂದು ಒಂದೊಂದು ರೋಲಿಗೂ ವಿವರ ಬರೆಯಬೇಕು. ಆಮೇಲೆ ಪೊಟ್ಟಣ ಕಟ್ಟಿ ವಿಮಾನಕ್ಕೆ ಕೊಡಬೇಕು. ಎಷ್ಟೋ ಸಲ ಗುರುತಿಲ್ಲದ ಪ್ರಯಾಣಿಕನ ಕೈಗಿಟ್ಟು, ಅಲ್ಲಿ ಇಳಿದೊಡನೆ ನಮ್ಮ ಕಚೇರಿಯವರಿಗೆ ಕೊಡಿ ಎಂದು ಕೈಮುಗಿದು ಬೇಡುವುದೂ ಇತ್ತು. ಪೊಟ್ಟಣ ನ್ಯೂಯಾರ್ಕಿಗೋ ಲಂಡನ್ನಿಗೋ ಮುಟ್ಟಿತು. ಅಲ್ಲಿ ಕತ್ತಲೆ ಕೋಣೆಯಲ್ಲಿ ಅದನ್ನು ತೊಳೆದರು. ಸಂಪಾದಕ ಕೆಂಪು ಪೆನ್ಸಿಲು ಹಿಡಿದು ನೂರರಲ್ಲಿ ನಾಲ್ಕಕ್ಕೆ ಗುರುತು ಹಾಕಿದ. ತೆಗೆದವನೋ ಅಷ್ಟರಲ್ಲಿ ಇನ್ನೊಂದು ದೇಶದಲ್ಲಿ ಇರುತ್ತಿದ್ದ. ತನ್ನ ಚಿತ್ರ ಹೇಗೆ ಬಂದಿದೆ ಎಂಬುದು ಅವನಿಗೆ ಗೊತ್ತಾಗುವುದು ಪತ್ರಿಕೆ ಕೈಗೆ ಸಿಕ್ಕಾಗಲೇ.

ಇದು ಕೂಲಿ ಕೆಲಸವಲ್ಲದೆ ಮತ್ತೇನು? ಹೊರೆ ಹೊರುವುದಿದೆ, ನಿದ್ದೆಗೆಡುವುದಿದೆ, ಪ್ರಾಣದ ಭಯವಿದೆ. ಬೆಳೆದ ಮಾಲು ಕಣ್ಣಿಗೆ ಮರೆಯಾಗಿ ದೂರದ ಪೇಟೆಗೆ ಹೋಗುವುದೂ ಇದೆ. ನಾವು ಚೀಲ ಕಟ್ಟಿ ಅಡತಿ ಅಂಗಡಿಗೆ ಹಾಕಿ ಬಂದ ಹಾಗೆ!

ಅಮೆರಿಕದಲ್ಲಿ 1936ರಲ್ಲಿ ಹೆನ್ರಿ ಲೂಸ್ ಎಂಬ ಧನಿಕ ‘ಲೈಫ್’ ಎಂಬ ಚಿತ್ರ ವಾರಪತ್ರಿಕೆಯನ್ನು ಆರಂಭಿಸಿದ. ಮನೆ ಮನೆಗೆ ಟೆಲಿವಿಷನ್ ಬರುವ ಮುಂಚೆ ಲೋಕವನ್ನು ಜನರ ಕಣ್ಣಮುಂದೆ ಇಟ್ಟದ್ದು ಇಂಥ ಪತ್ರಿಕೆಗಳು. ಅವು ಒಳ್ಳೆಯ ಸಂಬಳ ಕೊಟ್ಟದ್ದೂ ಉಂಟು, ದೊಡ್ಡ ಛಾಯಾಗ್ರಾಹಕರನ್ನು ಬೆಳೆಸಿದ್ದೂ ಉಂಟು. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ದೊಡ್ಡ ಪತ್ರಿಕೆಗಳ ವಾಡಿಕೆಯಲ್ಲಿ ತೆಗೆದ ಚಿತ್ರದ ನೆಗೆಟಿವ್ ಮಾಲೀಕನದು. ಯಾವುದನ್ನು ಹಾಕಬೇಕು, ಎಲ್ಲಿ ಕತ್ತರಿಸಬೇಕು, ಕೆಳಗೆ ಏನು ಬರೆಯಬೇಕು ಎಂಬುದೂ ಮಾಲೀಕನ ಇಷ್ಟ. ಮುಂದೆ ಹತ್ತು ಕಡೆ ಅದನ್ನು ಮಾರಿದರೆ ಲಾಭವೂ ಮಾಲೀಕನಿಗೆ. ನೆಗೆಟಿವ್ ಎಂದರೆ ಛಾಯಾಗ್ರಾಹಕನ ಹೊಲ. ಅದು ಒಂದೇ ಬೆಳೆಗೆ ಮುಗಿಯುವುದಿಲ್ಲ, ವರ್ಷ ವರ್ಷ ಕೊಡುತ್ತದೆ. ಹೊಲ ಕಳೆದುಕೊಂಡವನು ಜೀವನಪರ್ಯಂತ ಕೂಲಿಯೇ.

ಈ ಅನ್ಯಾಯವನ್ನು ಕಂಡ ನಾಲ್ವರು ಛಾಯಾಗ್ರಾಹಕರು 1947ರಲ್ಲಿ, ನಮ್ಮ ದೇಶ ಸ್ವತಂತ್ರವಾದ ವರ್ಷವೇ, ಒಂದು ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಹೆಸರು ‘ಮ್ಯಾಗ್ನಂ’. ಹಂಗೇರಿಯಲ್ಲಿ ಹುಟ್ಟಿದ ರಾಬರ್ಟ್ ಕಾಪಾ, ಪೋಲೆಂಡಿನಲ್ಲಿ ಹುಟ್ಟಿ ‘ಚಿಮ್’ ಎಂದು ಹೆಸರಾದ ಡೇವಿಡ್ ಸೀಮೋರ್, ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸ್ಸೋನ್, ಇಂಗ್ಲೆಂಡಿನ ಜಾರ್ಜ್ ರಾಜರ್ ಆ ನಾಲ್ವರು. ಎರಡನೆಯ ಮಹಾಯುದ್ಧದ ಬೆಂಕಿಯನ್ನು ದಾಟಿ ಬಂದವರು. ಅವರ ಸೂತ್ರ ಸರಳವಾದದ್ದು. ಚಿತ್ರದ ಕೃತಿಸ್ವಾಮ್ಯ ತೆಗೆದವನದೇ. ಪತ್ರಿಕೆ ಒಮ್ಮೆ ಮುದ್ರಿಸುವುದಕ್ಕೆ ಹಣ ಕೊಡಲಿ, ನೆಗೆಟಿವ್ ಮಾತ್ರ ನಮ್ಮ ಬಳಿಯೇ ಇರಲಿ. ಸಂಸ್ಥೆಯ ಒಡೆಯರು ಸದಸ್ಯರೇ. ಆದಾಯದಲ್ಲಿ ಒಂದು ಪಾಲು ಸಂಸ್ಥೆಯ ಖರ್ಚಿಗೆ, ಉಳಿದದ್ದು ದುಡಿದವನಿಗೆ. ಮಾಲೀಕನ ಅಪ್ಪಣೆಗೆ ಕಾಯದೆ, ತನಗೆ ಮುಖ್ಯವೆಂದು ತೋರಿದ ವಿಷಯದ ಬೆನ್ನು ಹತ್ತುವ ಸ್ವಾತಂತ್ರ್ಯವೂ ಹಾಗೆ ಅವರಿಗೆ ದಕ್ಕಿತು. ನಮ್ಮ ಊರಿನ ಸಹಕಾರ ಸಂಘದ ತತ್ತ್ವವೂ ಇದೇ ಅಲ್ಲವೇ? ಒಬ್ಬೊಬ್ಬನೇ ಅಡತಿಯ ಮೆಟ್ಟಿಲು ಹತ್ತಿದರೆ ಅವನು ಹೇಳಿದ್ದೇ ದರ. ಕೂಡಿ ಹೋದರೆ ನಮ್ಮ ಮಾತೂ ನಡೆಯುತ್ತದೆ.

ನಾಲ್ವರೂ ಭೂಮಿಯನ್ನೇ ಕೆಲಸಕ್ಕಾಗಿ ಹಂಚಿಕೊಂಡರು. ಕಾರ್ತಿಯೇ ಬ್ರೆಸ್ಸೋನರ ಪಾಲಿಗೆ ಭಾರತ ಮತ್ತು ಪೂರ್ವದೇಶಗಳು ಬಂದವು. ಹೀಗಾಗಿಯೇ 1948ರ ಜನವರಿ 30ರಂದು ಅವರು ದಿಲ್ಲಿಯಲ್ಲಿದ್ದರು. ಗಾಂಧೀಜಿಯವರನ್ನು ಆ ದಿನವೇ ಕಂಡು ಬಂದಿದ್ದರು. ಸ್ವಲ್ಪ ಹೊತ್ತಿನಲ್ಲೇ ಕೊಲೆಯ ಸುದ್ದಿ ಬಂತು. ಅಂತ್ಯಯಾತ್ರೆಯ ದಿನ ಜನಸಾಗರದ ದುಃಖವನ್ನು ಅವರು ಹಿಡಿದ ಚಿತ್ರಗಳು ಲೋಕವನ್ನೆಲ್ಲ ಸುತ್ತಿದವು.

ಅದೇ 1948ರಲ್ಲಿ ನಮ್ಮ ಈ ಸೀಮೆ ಇನ್ನೂ ನಿಜಾಮನ ಆಳಿಕೆಯಲ್ಲಿತ್ತು. ರಜಾಕಾರರ ಹಾವಳಿಯಲ್ಲಿ ಹಳ್ಳಿಗಳು ಬೆಂದವು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. ಅದರ ಹಿಂದೆಯೇ ಬಡ ಮುಸಲ್ಮಾನರೂ ಎಷ್ಟೋ ಕಡೆ ಸಂಕಟಕ್ಕೆ ಗುರಿಯಾದರು. ಹಿರಿಯರ ಬಾಯಲ್ಲಿ ಈ ಕಥೆಗಳೆಲ್ಲ ಬಂದಿವೆ. ಆದರೆ ಆ ದಿನಗಳ ಒಂದಾದರೂ ಚಿತ್ರ ನಿಮ್ಮಲ್ಲಿ ಯಾರ ಮನೆಯಲ್ಲಿದೆ? ಕ್ಯಾಮರಾ ದಿಲ್ಲಿಗೆ ಬಂತು, ನಮ್ಮ ಹಳ್ಳಿಗಳಿಗೆ ಬರಲಿಲ್ಲ. ಕ್ಯಾಮರಾ ಹೋಗದ ಕಡೆಯ ನೋವು ಲೋಕದ ಲೆಕ್ಕಕ್ಕೆ ಹತ್ತುವುದಿಲ್ಲ. ಆದುದರಿಂದಲೇ ಈ ಕಸುಬು ನಮಗೆ ಪರಕೀಯವಲ್ಲ ಎನ್ನುತ್ತೇವೆ.

ಸಂಸ್ಥೆ ಕಟ್ಟಿದ ಮಾತ್ರಕ್ಕೆ ಅಪಾಯ ತಪ್ಪಲಿಲ್ಲ. 1954ರ ಮೇ ತಿಂಗಳಲ್ಲಿ ಮ್ಯಾಗ್ನಂ ಸೇರಿದ್ದ ಸ್ವಿಟ್ಜರ್ಲೆಂಡಿನ ವರ್ನರ್ ಬಿಶೋಫ್ ದಕ್ಷಿಣ ಅಮೆರಿಕದ ಪೆರು ದೇಶದ ಬೆಟ್ಟದಲ್ಲಿ ವಾಹನ ಉರುಳಿ ತೀರಿಕೊಂಡರು. 1951ರ ಬಿಹಾರದ ಕ್ಷಾಮವನ್ನು ಚಿತ್ರ ತೆಗೆದು ಲೋಕಕ್ಕೆ ತೋರಿಸಿದವರು ಅವರು. ಅದೇ ತಿಂಗಳ 25ರಂದು ವಿಯೆಟ್ನಾಮಿನಲ್ಲಿ ಫ್ರೆಂಚ್ ಸೈನ್ಯದ ಜತೆ ಹೋಗಿದ್ದ ಕಾಪಾ ನೆಲಬಾಂಬಿನ ಮೇಲೆ ಕಾಲಿಟ್ಟು ಸತ್ತರು. 1956ರ ನವೆಂಬರಿನಲ್ಲಿ ಸೂಯೆಜ್ ಬಳಿ ಚಿಮ್ ಗುಂಡಿಗೆ ಬಲಿಯಾದರು. ಎರಡೂವರೆ ವರ್ಷದಲ್ಲಿ ಒಂದು ಸಣ್ಣ ಸಂಸ್ಥೆಯ ಮೂವರು! ಸಂಸ್ಥೆ ಆದರೂ ಮುಚ್ಚಲಿಲ್ಲ. ಇಂದಿಗೂ ವರ್ಷಕ್ಕೊಮ್ಮೆ ಸದಸ್ಯರು ಕೂಡಿ ಮತ ಹಾಕಿ ಹೊಸಬರನ್ನು ಹಂತ ಹಂತವಾಗಿ ಸೇರಿಸಿಕೊಳ್ಳುತ್ತಾರೆ. ನಮ್ಮ ದೇಶದ ರಘು ರಾಯ್ 1977ರಲ್ಲಿ ಅದರೊಳಗೆ ಹೋದರು. ಇಷ್ಟು ಹೇಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಅದು ಆಯ್ದ ಕೆಲವರ ಮನೆ. ಲೋಕದಲ್ಲಿ ಚಿತ್ರ ತೆಗೆದು ಬದುಕುವ ಸಾವಿರಾರು ಜನರಿಗೆ ಅದರ ಬಾಗಿಲು ತೆರೆದಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷ ಲಕ್ಷ ಜನ ಹಸಿವಿನಿಂದ ಸತ್ತರು. ಆಗ ಕಮ್ಯುನಿಸ್ಟ್ ಪಕ್ಷದ ಪಿ. ಸಿ. ಜೋಶಿಯವರು ಸುನಿಲ್ ಜಾನಾ ಎಂಬ ತರುಣನನ್ನು ಕ್ಯಾಮರಾದೊಡನೆ ಕ್ಷಾಮದ ಹಳ್ಳಿಗಳಿಗೆ ಕರೆದೊಯ್ದರು. ಜತೆಯಲ್ಲಿ ಚಿತ್ತಪ್ರಸಾದ್ ಎಂಬ ಚಿತ್ರಕಲಾವಿದರೂ ಇದ್ದರು. ಜಾನಾ ಅವರ ಚಿತ್ರಗಳು ಆ ಪಕ್ಷದ ವಾರಪತ್ರಿಕೆ ‘ಪೀಪಲ್ಸ್ ವಾರ್’ನಲ್ಲಿ ಬಂದವು. ಆ ಪಕ್ಷದೊಡನೆ ನಮಗೆ ಭಿನ್ನಾಭಿಪ್ರಾಯಗಳು ಹಲವು ಇವೆ. ಆದರೆ ಸಣ್ಣ ಪಕ್ಷದ ಸಣ್ಣ ಪತ್ರಿಕೆಯೊಂದು ಸರಕಾರ ಮುಚ್ಚಿಡಬಯಸಿದ್ದ ಹಸಿವನ್ನು ಬಯಲಿಗೆ ತಂದಿತೆಂಬುದನ್ನು ಒಪ್ಪದಿದ್ದರೆ ಅದು ಸಣ್ಣತನವಾದೀತು.

ಕನ್ನಡನಾಡಿನವರೇ ಆದ ಟಿ. ಎಸ್. ಸತ್ಯನ್ ಅವರ ಹೆಸರು ನೀವು ಕೇಳಿರಬೇಕು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. 1948ರಲ್ಲಿ ಬೆಂಗಳೂರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಆರಂಭವಾದಾಗ ಅದರ ಛಾಯಾಗ್ರಾಹಕರಾದರು. ಆಮೇಲೆ ಮುಂಬಯಿಯ ‘ಇಲಸ್ಟ್ರೇಟೆಡ್ ವೀಕ್ಲಿ’. ಮುಂದೆ ಯಾರ ಸಂಬಳವೂ ಬೇಡವೆಂದು ಸ್ವತಂತ್ರರಾಗಿ ನಿಂತರು. ‘ಲೈಫ್’, ‘ಟೈಮ್’, ‘ನ್ಯೂಸ್‌ವೀಕ್’ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಬಂದವು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಹಳ್ಳಿ ಹಳ್ಳಿ ಸುತ್ತಿ ಚಿತ್ರ ತೆಗೆದರು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. 1977ರಲ್ಲಿ ಪದ್ಮಶ್ರೀ ಬಂದಿತ್ತು. 2009ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಸತ್ಯನ್ ಅವರ ಬಾಳಿನಿಂದ ತರುಣರು ಕಲಿಯಬೇಕಾದದ್ದು ಪದ್ಮಶ್ರೀಯ ಮಾತಲ್ಲ. ಅವರ ಒಲವು ಸಾಮಾನ್ಯ ಜನರ ಕಡೆ. ಸಂತೆಗೆ ಬಂದವರು, ಶಾಲೆಯ ಮಕ್ಕಳು, ದುಡಿಯುವ ಹೆಂಗಸರು ಅವರ ಚಿತ್ರಗಳಲ್ಲಿ ತಲೆಯೆತ್ತಿ ನಿಲ್ಲುತ್ತಾರೆ. ಬಡವರನ್ನು ಚಿತ್ರ ತೆಗೆಯುವುದು ಬೇರೆ, ಬಡವರ ಮರ್ಯಾದೆ ಕಾಯ್ದು ಚಿತ್ರ ತೆಗೆಯುವುದು ಬೇರೆ. ಆದರೆ ಹೀಗೆ ಸ್ವತಂತ್ರವಾಗಿ ನಿಂತವನ ಬೆಲೆ ಏನು ಎಂಬುದನ್ನೂ ತಿಳಿದಿರಬೇಕು. ತಿಂಗಳ ಸಂಬಳವಿಲ್ಲ, ನಿವೃತ್ತಿ ವೇತನವಿಲ್ಲ. ಕ್ಯಾಮರಾ ಕೆಟ್ಟರೆ ಕೈಯಿಂದಲೇ ಖರ್ಚು. ಕಾಯಿಲೆ ಬಿದ್ದರೆ ಅಂದಿನ ಅನ್ನಕ್ಕೇ ಕಲ್ಲು. ಮಳೆ ನಂಬಿದ ಒಣ ಬೇಸಾಯದವನ ಹಾಗೆಯೇ ಅವನ ಬಾಳು.

ಕಾನೂನು ಏನು ಹೇಳುತ್ತದೆ? ದುಡಿಯುವ ಪತ್ರಕರ್ತರಿಗಾಗಿ 1955ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು. ಅದರಲ್ಲಿ ಸಂಪಾದಕ, ವರದಿಗಾರ, ಕರಡು ತಿದ್ದುವವನ ಜತೆಗೆ ಪತ್ರಿಕಾ ಛಾಯಾಗ್ರಾಹಕನನ್ನೂ ಹೆಸರು ಹಿಡಿದು ಸೇರಿಸಿದ್ದರು. ಕೆಲಸದ ವೇಳೆ, ರಜೆ, ಉಪದಾನ, ವೇತನ ನಿರ್ಧಾರ ಎಲ್ಲಕ್ಕೂ ಅದು ದಾರಿ ಮಾಡಿತು. ಸಂಘಟಿತ ಹೋರಾಟದಿಂದ ಬಂದ ಫಲ ಅದು. 2020ರಲ್ಲಿ ಸಂಸತ್ತು ಆ ಕಾಯಿದೆಯನ್ನು ಹೊಸ ಕಾರ್ಮಿಕ ಸಂಹಿತೆಯೊಳಗೆ ಕರಗಿಸಿತು. ಆದರೆ ಅಂದೂ ಇಂದೂ ಒಂದು ಗೋಡೆ ಇದ್ದೇ ಇದೆ. ನೌಕರಿಯಲ್ಲಿ ಇದ್ದವನಿಗೆ ಮಾತ್ರ ರಕ್ಷಣೆ. ಚಿತ್ರಕ್ಕೆ ಇಷ್ಟು ಎಂದು ಬಿಡಿಯಾಗಿ ಮಾರುವವನು ಹೊರಗೆ.

ಇನ್ನೊಂದು 1957ರ ಕೃತಿಸ್ವಾಮ್ಯ ಕಾಯಿದೆ. ತರುಣರು ಇದನ್ನು ಗಮನವಿಟ್ಟು ಕೇಳಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಯ ಸಂಬಳದ ನೌಕರ ಪತ್ರಿಕೆಗೆಂದು ತೆಗೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕನದು. ಉಳಿದ ಎಲ್ಲ ವಿಷಯಗಳಲ್ಲಿ ಮೊದಲ ಒಡೆಯ ತೆಗೆದವನೇ. ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರವಾದರೆ ತೆಗೆಸಿದವನದು. ಯಾರ ನೌಕರಿಯಲ್ಲೂ ಇಲ್ಲದೆ, ಯಾರೂ ಹೇಳದೆ ನೀನೇ ನಿನ್ನ ಫೋನಿನಲ್ಲಿ ತೆಗೆದ ಚಿತ್ರ ನಿನ್ನದೇ! ಬರವಣಿಗೆಯಲ್ಲಿ ಸಹಿ ಹಾಕಿ ಬಿಟ್ಟುಕೊಟ್ಟ ಹೊರತು ಅದರ ಒಡೆತನ ಇನ್ನೊಬ್ಬರಿಗೆ ಹೋಗದು. ಬಿಟ್ಟುಕೊಟ್ಟ ಪತ್ರದಲ್ಲಿ ಅವಧಿ ಬರೆದಿಲ್ಲವಾದರೆ ಅದು ಐದೇ ವರ್ಷ. ಒಡೆತನ ಮಾರಿದ ಮೇಲೂ, ಇದು ನಾನು ತೆಗೆದದ್ದು ಎಂದು ಹೇಳಿಕೊಳ್ಳುವ ಹಕ್ಕು ತೆಗೆದವನಿಗೆ ಉಳಿಯುತ್ತದೆ. ಹೊಲದ ಪಹಣಿಯನ್ನು ಹೇಗೆ ಜೋಪಾನ ಮಾಡುತ್ತೀರೋ ಹಾಗೆ ಈ ನಾಲ್ಕು ಮಾತನ್ನು ನೆನಪಿನಲ್ಲಿಡಿ.

ಇಂದಿನ ಸ್ಥಿತಿ ಹೇಗಿದೆ? ‘ಲೈಫ್’ ವಾರಪತ್ರಿಕೆ 1972ರ ಕೊನೆಗೇ ನಿಂತಿತು. ಫಿಲ್ಮು ಹೋಯಿತು. ಈಗ ಚಿತ್ರ ತೆಗೆದ ಕೆಲವೇ ನಿಮಿಷದಲ್ಲಿ ಸಾವಿರ ಗಾವುದ ಆಚೆಯ ಮೇಜಿಗೆ ಮುಟ್ಟುತ್ತದೆ. ಲೋಕದ ಸುದ್ದಿಚಿತ್ರಗಳ ಬಹುಪಾಲು ಕೆಲವೇ ದೊಡ್ಡ ಸುದ್ದಿಸಂಸ್ಥೆಗಳ ಮೂಲಕ ಹರಿಯುತ್ತದೆ. ಆ ಚಿತ್ರ ತೆಗೆಯುವವರು ಈಗ ಹೆಚ್ಚಾಗಿ ಆಯಾ ದೇಶದವರೇ. ಇದು ಒಳ್ಳೆಯ ಬದಲಾವಣೆ. ಹೊರಗಿನಿಂದ ಬಂದವನಿಗೆ ತಿಳಿಯದ ಸಂಗತಿ ಊರಿನವನಿಗೆ ತಿಳಿದಿರುತ್ತದೆ. ಆದರೆ ಹೊರಗಿನವನು ವಿಮಾನ ಹತ್ತಿ ಹೋಗುತ್ತಾನೆ, ಊರಿನವನು ಊರಲ್ಲೇ ಉಳಿಯಬೇಕು. ಪೊಲೀಸರ, ಪುಢಾರಿಗಳ, ಬಂದೂಕಿನವರ ಸಿಟ್ಟು ಅವನ ಮನೆಯ ಬಾಗಿಲಿಗೇ ಬರುತ್ತದೆ.

ದಿಲ್ಲಿಯ ದಾನಿಶ್ ಸಿದ್ದೀಕಿ ‘ರಾಯಿಟರ್ಸ್’ ಸುದ್ದಿಸಂಸ್ಥೆಯ ಛಾಯಾಗ್ರಾಹಕರು. ಬರ್ಮಾದಿಂದ ಓಡಿ ಬಂದ ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರಲ್ಲಿ ಸಂಗಡಿಗರೊಡನೆ ಪುಲಿಟ್ಜರ್ ಪ್ರಶಸ್ತಿ ಪಡೆದರು. 2021ರ ಕೊರೊನಾದಲ್ಲಿ ಸ್ಮಶಾನಗಳಲ್ಲಿ ಸಾಲಾಗಿ ಉರಿದ ಚಿತೆಗಳನ್ನು ಲೋಕಕ್ಕೆ ತೋರಿಸಿದವರಲ್ಲಿ ಅವರು ಒಬ್ಬರು. ಆ ವರ್ಷವೇ ಜುಲೈ 16ರಂದು ಆಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಕೊಲ್ಲಲ್ಪಟ್ಟರು. ವಯಸ್ಸು 38. ಕೊರೊನಾ ಚಿತ್ರಗಳಿಗಾಗಿ 2022ರಲ್ಲಿ ಮತ್ತೆ ಪುಲಿಟ್ಜರ್ ಬಂದಾಗ ಅವರು ಇರಲಿಲ್ಲ. ಆ ಪ್ರಶಸ್ತಿಯಲ್ಲಿ ಪಾಲುಗಾರ್ತಿಯಾದ ಕಾಶ್ಮೀರದ ಸನ್ನಾ ಇರ್ಷಾದ್ ಮಟ್ಟೂ ಅದನ್ನು ಸ್ವೀಕರಿಸಲು ಹೊರಟಾಗ, 2022ರ ಅಕ್ಟೋಬರಿನಲ್ಲಿ, ಕೈಯಲ್ಲಿ ವೀಸಾ ಟಿಕೆಟ್ಟು ಇದ್ದರೂ ದಿಲ್ಲಿಯ ವಿಮಾನ ನಿಲ್ದಾಣದಲ್ಲೇ ತಡೆದರು. ಲೋಕ ಮೆಚ್ಚಿದವರ ಪಾಡೇ ಹೀಗಾದರೆ, ತಾಲ್ಲೂಕಿನಲ್ಲಿ ಮರಳು ದಂಧೆಯ ಚಿತ್ರ ತೆಗೆದ ಬಡ ಹುಡುಗನ ಪಾಡೇನು?

ಇಷ್ಟು ಹೊತ್ತು ಚಿತ್ರ ತೆಗೆಯುವವನ ಪರವಾಗಿ ಮಾತಾಡಿದೆವು. ಚಿತ್ರದಲ್ಲಿ ಇರುವವರ ಪರವಾಗಿ ಮಾತಾಡದಿದ್ದರೆ ನ್ಯಾಯ ಅರ್ಧವೇ ಆಗುತ್ತದೆ. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಿಮ ಬಿದ್ದು ಬಟಾಣಿ ಬೆಳೆ ಹಾಳಾಯಿತು. ಬಿಡಿಸಲು ಬಂದ ಕೂಲಿಗಳು ಗುಡಾರಗಳಲ್ಲಿ ಉಪವಾಸ ಬಿದ್ದರು. ಸರಕಾರದ ಪರವಾಗಿ ಹೋಗಿದ್ದ ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಅಲ್ಲಿ ಮಕ್ಕಳನ್ನು ಮಗ್ಗುಲಲ್ಲಿ ಇಟ್ಟುಕೊಂಡು ದಿಕ್ಕು ತೋಚದೆ ಕುಳಿತ ತಾಯಿಯ ಚಿತ್ರ ತೆಗೆದರು. ಚಿತ್ರಗಳು ಪತ್ರಿಕೆಯಲ್ಲಿ ಬಂದವು, ಸರಕಾರ ಗುಡಾರಗಳಿಗೆ ಆಹಾರ ಕಳುಹಿಸಿತು. ಅಷ್ಟರಲ್ಲಿ ಆ ತಾಯಿಯ ಕುಟುಂಬ ಕೂಲಿ ಹುಡುಕಿ ಮುಂದಿನ ಊರಿಗೆ ಹೋಗಿತ್ತು. ಅವಳ ಮುಖ ಲೋಕವೆಲ್ಲ ಗುರುತಿಸುವ ಮುಖವಾಯಿತು. ಅವಳ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂಬುದು ಹೊರಗೆ ಬಂದದ್ದು 1978ರಲ್ಲಿ, 42 ವರ್ಷದ ಮೇಲೆ. ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲವೆಂದು ಅವಳು ದೂರಿದಳು. ಇದರಲ್ಲಿ ಲ್ಯಾಂಗ್ ಹಣ ಹೊಡೆದರೆಂದಲ್ಲ. ಚಿತ್ರ ಸರಕಾರದ ಸ್ವತ್ತು, ಅವರಿಗೂ ಅದರಿಂದ ಗಂಟು ಬರಲಿಲ್ಲ. ಆದರೆ ಹೆಸರು ಕೇಳಿ ಬರೆದುಕೊಳ್ಳಲು ಹಣ ಬೇಕೇ? ನೆರೆಯಲ್ಲಿ ಮನೆ ಕಳೆದುಕೊಂಡ ತಾಯಿಯ ಮುಂದೆ ಫೋನು ಹಿಡಿಯುವ ತರುಣ ಮೊದಲು ಅವಳಿಗೆ ನಮಸ್ಕಾರ ಮಾಡಲಿ, ಅವಳ ಒಪ್ಪಿಗೆ ಕೇಳಲಿ, ಹೆಸರು ಬರೆದುಕೊಳ್ಳಲಿ. ಸಂತ್ರಸ್ತರು ಎಂಬ ಒಂದೇ ಪದದಲ್ಲಿ ಅವಳನ್ನು ಹೂಳಬಾರದು.

ಮಿತ್ರರೇ, ಮಾತು ಉದ್ದವಾಯಿತು. ಮಾಡಬೇಕಾದದ್ದನ್ನು ಎಣಿಸಿ ಹೇಳಿ ಮುಗಿಸುತ್ತೇವೆ. ಪತ್ರಿಕೆಗಳಿಗೆ, ಟೆಲಿವಿಷನ್ನಿಗೆ ಚಿತ್ರ ಕಳುಹಿಸುವ ನಮ್ಮ ಮೂರೂ ತಾಲ್ಲೂಕುಗಳ ತರುಣರು ಒಂದು ಕಡೆ ಸೇರಬೇಕು. ಆಳಂದದವನು, ಅಫಜಲಪುರದವನು, ಜೇವರ್ಗಿಯವನು ಎಂದು ಪೈಪೋಟಿಗೆ ಬಿದ್ದು ಒಬ್ಬನಿಗಿಂತ ಒಬ್ಬ ಅಗ್ಗಕ್ಕೆ, ಕೊನೆಗೆ ಪುಕ್ಕಟೆಗೆ ಕೊಡುವುದು ನಿಲ್ಲಬೇಕು. ಹೆಸರಿಲ್ಲದೆ ಚಿತ್ರವಿಲ್ಲ ಎಂಬುದು ಮೊದಲ ನಿಯಮವಾಗಲಿ. ಎರಡನೆಯದು, ಎಷ್ಟು ಸಲ ಬಳಸುವುದಕ್ಕೆ ಎಷ್ಟು ಹಣ ಎಂಬುದು ಬರವಣಿಗೆಯಲ್ಲಿರಲಿ. ಮೂರನೆಯದು, ಮೂಲ ಚಿತ್ರವನ್ನು ತೆಗೆದ ದಿನ, ಊರು, ಹೆಸರುಗಳೊಡನೆ ನಿಮ್ಮ ಬಳಿಯೇ ಜೋಪಾನವಾಗಿ ಇಡಿ. ಮುಂದೊಂದು ದಿನ ನಮ್ಮ ಸೀಮೆಯ ಚರಿತ್ರೆ ಬರೆಯುವವನಿಗೆ ಅದೇ ಸಾಕ್ಷಿ. ನಾಲ್ಕನೆಯದು, ಚಿತ್ರ ತೆಗೆದ ಕಾರಣಕ್ಕೆ ಒಬ್ಬನ ಮೇಲೆ ಕೈ ಬಿದ್ದರೆ ಅಥವಾ ಸುಳ್ಳು ಮೊಕದ್ದಮೆ ಬಿದ್ದರೆ ಊರೇ ಅವನ ಹಿಂದೆ ನಿಲ್ಲಲಿ.

ಸರಕಾರವನ್ನು ಕೇಳಬೇಕಾದದ್ದು ಒಂದೇ. ಬಿಡಿ ಚಿತ್ರ ಮಾರಿ ಬದುಕುವವನನ್ನೂ ದುಡಿಯುವ ಪತ್ರಕರ್ತನೆಂದು ಲೆಕ್ಕಕ್ಕೆ ಹಿಡಿದು ಅವನಿಗೂ ವಿಮೆ, ಚಿಕಿತ್ಸೆ, ಕನಿಷ್ಠ ದರ ಕೊಡಬೇಕು.

ನಾಲ್ಕು ದೇಶದ ನಾಲ್ವರು, ನಾಲ್ಕು ಭಾಷೆಯವರು, ಹಾಳಾದ ಯುರೋಪಿನ ನಡುವೆ ನಿಂತು ತಮ್ಮ ನೆಗೆಟಿವ್ ತಮ್ಮದೆಂದು ಹೇಳುವ ಧೈರ್ಯ ಮಾಡಿದರು. ಒಂದೇ ಬಾವಿಯ ನೀರು ಕುಡಿದವರು, ಒಂದೇ ಸಂತೆಗೆ ಹೋಗುವವರು ನಾವು. ಅಷ್ಟು ಕೂಡ ನಮ್ಮಿಂದ ಆಗದೇ?